ಹೊಳೆಯ ಮರಳು: ಬೀಗದ ಕೈ ಯಾರ ಬಳಿ?

(ತುಂಗಭದ್ರಾ ತೀರದ ಗ್ರಾಮಗಳ ರೈತ-ಕೂಲಿಕಾರ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಈ ಶಿಬಿರದಲ್ಲಿ ಭೂಮಿಯ ಪ್ರಶ್ನೆ, ಬೆಳೆಯ ಬೆಲೆಯ ಪ್ರಶ್ನೆ ಚರ್ಚೆಯಾಗಿವೆ. ನಮ್ಮ ಪಾಲಿಗೆ ಬಂದಿರುವುದು ಮರಳಿನ ವಿಷಯ. ಊಟವಾದ ಮೇಲಿನ ಹೊತ್ತು, ಅದರಲ್ಲೂ ಕಾನೂನಿನ ಮಾತು. ಹಿಂದಿನ ಸಾಲಿನವರು ತೂಕಡಿಸಿದರೆ ನಾವು ಬೇಸರಪಡುವುದಿಲ್ಲ. ಶಾಲೆಯಲ್ಲಿ ಪಾಠ ಹೇಳಿದವರಿಗೆ ಅದೇನು ಹೊಸದಲ್ಲ. ಆದರೆ ಈ ಸಭೆಯಲ್ಲಿರುವವರಲ್ಲಿ ಹೆಚ್ಚು ಮಂದಿ ಹೊಳೆಯ ನೀರು ಕುಡಿದವರು, ಹೊಳೆಯ ದಂಡೆಯಲ್ಲಿ ಬೋರು ತೆಗೆಸಿದವರು. ಆದುದರಿಂದ ಒಂದು ಗಳಿಗೆ ಕಿವಿಗೊಡಬೇಕೆಂದು ಕೇಳಿಕೊಳ್ಳುತ್ತೇವೆ.

ಮೊದಲು ಒಂದು ಲೆಕ್ಕ ಮಾಡೋಣ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಮರಳಿನ ರಾಶಿ ಸುಮಾರು ಒಂದೂವರೆ ಟನ್ ತೂಗುತ್ತದೆ. ಕಾಳಿಗೂ ಕಾಳಿಗೂ ನಡುವೆ ಸಂದು ಇದ್ದೇ ಇರುತ್ತದಷ್ಟೆ? ಆ ಸಂದುಗಳೆಲ್ಲ ಕೂಡಿದರೆ ರಾಶಿಯ ಮೂರರಲ್ಲೊಂದು ಪಾಲಿನಷ್ಟಾಗುತ್ತದೆ. ಹೊಳೆಯ ಪಾತ್ರದಲ್ಲಿ ಆ ಜಾಗದಲ್ಲಿ ನಿಲ್ಲುವುದು ನೀರು, ಸುಮಾರು ೩೦೦ ಲೀಟರ್. ಹತ್ತು ಟನ್ ಮರಳು ಹೊತ್ತ ಒಂದು ಟಿಪ್ಪರ್ ಹೊಳೆಯಿಂದ ಮೇಲೆ ಹತ್ತಿತೆಂದರೆ ಅದರ ಜೊತೆಗೆ ೨,೦೦೦ ಲೀಟರ್ ನೀರು ನಿಲ್ಲುವ ಮನೆಯೂ ಹೋಯಿತು. ನಮ್ಮ ಹೆಂಗಸರು ಹೊರುವ ಕೊಡಕ್ಕೆ ೧೫ ಲೀಟರ್ ಹಿಡಿದರೂ ೧೩೦ ಕೊಡ. ಟಿಪ್ಪರಿನ ಹಿಂದೆ ರಸ್ತೆಯುದ್ದಕ್ಕೂ ತೊಟ್ಟಿಕ್ಕುವ ನೀರನ್ನು ನೀವೆಲ್ಲ ನೋಡಿದ್ದೀರಿ. ಅದು ಯಾರ ಬಾವಿಯ ನೀರೆಂಬುದನ್ನು ಒಮ್ಮೆ ಯೋಚಿಸಿ.

ಬೇಸಗೆಯಲ್ಲಿ ಹೊಳೆ ಬತ್ತಿದಾಗ ನಮ್ಮ ಹಿರಿಯರು ಮರಳಿನಲ್ಲಿ ಒರತೆ ತೋಡಿ ನೀರು ತುಂಬುತ್ತಿದ್ದರು. ಮೊಳಕೈಯುದ್ದ ತೋಡಿದರೆ ತಿಳಿನೀರು ಒಸರುತ್ತಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು, ಸೋಸಿ, ದಂಡೆಯ ಬಾವಿಗಳಿಗೆ ನಿಧಾನವಾಗಿ ಬಿಟ್ಟುಕೊಡುವುದು ಈ ಮರಳೇ. ಪಾತ್ರವನ್ನು ಆಳಕ್ಕೆ ತೋಡಿದಾಗ ಹೊಳೆಯ ನೀರಿನ ಮಟ್ಟ ಕೆಳಗಿಳಿಯುತ್ತದೆ. ಅದನ್ನು ಹಿಂಬಾಲಿಸಿ ಬಾವಿಯ ನೀರೂ ಇಳಿಯುತ್ತದೆ. ಪಟ್ಟಣಕ್ಕೆ ನೀರು ಕೊಡುವ ಜಾಕ್‌ವೆಲ್ಲಿನ ಬಾಯಿ ಮೇಲುಳಿದು, ಹೊಳೆ ಕೆಳಗುಳಿಯುತ್ತದೆ. ಇಷ್ಟನ್ನು ಅರ್ಥಮಾಡಿಕೊಳ್ಳಲು ಪಂಡಿತನಾಗಬೇಕಿಲ್ಲ.

ಇನ್ನು ಕಾನೂನು ಏನು ಹೇಳುತ್ತದೆ ನೋಡೋಣ. ಗಣಿ ಮತ್ತು ಖನಿಜಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆ ೧೯೫೭ರದು. ಅದರಲ್ಲಿ ಕಬ್ಬಿಣ, ಚಿನ್ನಗಳು ದೊಡ್ಡ ಖನಿಜಗಳು. ಮರಳು, ಜಲ್ಲಿ, ಕಟ್ಟಡದ ಕಲ್ಲು ಉಪ ಖನಿಜಗಳು. ಉಪ ಖನಿಜಗಳ ನಿಯಮ ಮಾಡುವ ಅಧಿಕಾರವನ್ನು ೧೫ನೆಯ ಕಲಮು ರಾಜ್ಯ ಸರ್ಕಾರಗಳಿಗೆ ಬಿಟ್ಟಿದೆ. ಅದರಂತೆ ನಮ್ಮಲ್ಲಿ ಕರ್ನಾಟಕ ಉಪ ಖನಿಜ ರಿಯಾಯಿತಿ ನಿಯಮಗಳು ೧೯೯೪ರಲ್ಲಿ ಬಂದವು. ಹೆಸರನ್ನೇ ಗಮನಿಸಿ: 'ರಿಯಾಯಿತಿ' ನಿಯಮಗಳು. ಯಾರಿಗೆ ಎಷ್ಟು ತೆಗೆಯಲು ಕೊಡಬೇಕು, ಅದಕ್ಕೆಷ್ಟು ರಾಜಧನ ವಸೂಲು ಮಾಡಬೇಕು ಎಂಬುದು ಇದರ ಮೂಲ ಚಿಂತೆ. ಹೊಳೆ ಎಂಬುದು ಒಂದು ಜೀವಂತ ವಸ್ತು, ಅದರ ದಂಡೆಯಲ್ಲಿ ಜನ ಇದ್ದಾರೆ ಎಂಬ ಮಾತು ಈ ಕಾನೂನಿನ ಕಣ್ಣಿಗೆ ಬಿದ್ದದ್ದು ತೀರ ತಡವಾಗಿ. ಅದೂ ನ್ಯಾಯಾಲಯಗಳು ಕಿವಿ ಹಿಂಡಿದ ಮೇಲೆ. ೨೦೧೧ರ ನಮ್ಮ ರಾಜ್ಯದ ಮರಳು ನೀತಿಯಲ್ಲಿ ಮರಳಿನ ಮೇಲ್ವಿಚಾರಣೆಯನ್ನು ಲೋಕೋಪಯೋಗಿ ಇಲಾಖೆಗೆ ಒಪ್ಪಿಸಲಾಯಿತು. ಸೇತುವೆ, ಕಟ್ಟಡಗಳಿಗೆ ಮರಳು ಬೇಕಾದ ಇಲಾಖೆಯೇ ಮರಳಿನ ಕಾವಲುಗಾರ! ಇದಕ್ಕೆ ನಾವು ಬೇರೆ ಟೀಕೆ ಬರೆಯಬೇಕಾಗಿಲ್ಲ.

ಕಿವಿ ಹಿಂಡಿದ ಮೊದಲ ದೊಡ್ಡ ತೀರ್ಪು ೨೦೧೨ರ ಫೆಬ್ರವರಿ ೨೭ರದು. ಹರಿಯಾಣದ ಪ್ರಕರಣ, ದೀಪಕ್ ಕುಮಾರ್ ಪ್ರಕರಣವೆಂದು ಕರೆಯುತ್ತಾರೆ. ೫ ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗಳಿಗೆ ಆಗ ಪರಿಸರ ಅನುಮತಿ ಬೇಕಿರಲಿಲ್ಲ. ಸರಿ, ಹೊಳೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿದರೆ ಆಯಿತು! ಭೂಸುಧಾರಣೆಯ ಕಾಲದಲ್ಲಿ ಜಮೀನುದಾರರು ಮಕ್ಕಳು, ಮೊಮ್ಮಕ್ಕಳು, ಅಳಿಯಂದಿರ ಹೆಸರಿಗೆ ಜಮೀನು ಹಂಚಿ ಬರೆಸಿದ ಕಥೆ ನಿಮಗೆ ನೆನಪಿರಬಹುದು. ಇದೂ ಅದೇ ಜಾಣತನ. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ೫ ಹೆಕ್ಟೇರಿಗಿಂತ ಕಡಿಮೆ ಇದ್ದರೂ ಪರಿಸರ ಅನುಮತಿ ಇಲ್ಲದೆ ಗುತ್ತಿಗೆ ಕೊಡಕೂಡದೆಂದಿತು. ಮರುವರ್ಷ, ೨೦೧೩ರ ಆಗಸ್ಟಿನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದ ಯಾವ ನದಿಯಲ್ಲಿಯೂ ಅನುಮತಿಯಿಲ್ಲದೆ ಮರಳು ತೆಗೆಯಬಾರದೆಂದು ಆಜ್ಞೆ ಮಾಡಿತು. ಅದಕ್ಕೆ ಕೆಲವೇ ದಿನಗಳ ಹಿಂದೆ ಉತ್ತರ ಪ್ರದೇಶದಲ್ಲಿ ಮರಳು ದಂಧೆಯ ಮೇಲೆ ಕೈಯಿಟ್ಟ ದುರ್ಗಾ ಶಕ್ತಿ ನಾಗಪಾಲ್ ಎಂಬ ಯುವ ಅಧಿಕಾರಿಯನ್ನು ಅಲ್ಲಿನ ಸರ್ಕಾರ ಬೇರೊಂದು ಕಾರಣ ಹೇಳಿ ಅಮಾನತು ಮಾಡಿತ್ತು. ಆ ಸರ್ಕಾರ ನಡೆಸುತ್ತಿದ್ದವರು ಸಮಾಜವಾದದ ಹೆಸರಿಟ್ಟುಕೊಂಡವರೇ. ಹೆಸರಿಗೆ ಮರುಳಾಗಬೇಡಿ ಎಂದು ಹೇಳುವುದಕ್ಕಾಗಿ ಇದನ್ನು ಇಲ್ಲಿ ಪ್ರಸ್ತಾಪಿಸಿದೆವು.

ಆಮೇಲೆ ನಡೆದದ್ದೇನು? ೨೦೧೬ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಣ್ಣ ಗುತ್ತಿಗೆಗಳ ಪರಿಸರ ಅನುಮತಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಒಪ್ಪಿಸಿತು. ಗುತ್ತಿಗೆ ಕೊಡುವ ಆಡಳಿತದ ಮುಖ್ಯಸ್ಥರೇ ಪರಿಸರವನ್ನೂ ತೂಗಿ ನೋಡಬೇಕು! ಈ ಏರ್ಪಾಟು ಸುಪ್ರೀಂ ಕೋರ್ಟಿನ ತೀರ್ಪಿಗೆ ಹೊಂದುವುದಿಲ್ಲವೆಂದು ೨೦೧೮ರ ಸೆಪ್ಟೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ಹೇಳಬೇಕಾಯಿತು. ನ್ಯಾಯಾಲಯ ಒಂದು ಬಾಗಿಲು ಮುಚ್ಚಿದಾಗಲೆಲ್ಲ ಸರ್ಕಾರ ಒಂದು ಕಿಟಕಿ ತೆರೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಗೆಂದು ಕಾಗದದ ಮೇಲಿನ ನಿಯಮಗಳು ಕೆಟ್ಟವೆಂದು ಹೇಳಲಾರೆವು. ಪರಿಸರ ಮಂತ್ರಾಲಯ ೨೦೧೬ರಲ್ಲಿ ಒಮ್ಮೆ, ೨೦೨೦ರಲ್ಲಿ ಇನ್ನೊಮ್ಮೆ ಮಾರ್ಗಸೂಚಿ ಹೊರಡಿಸಿದೆ. ೩ ಮೀಟರ್ ಅಥವಾ ನೀರಿನ ಮಟ್ಟ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಅದಕ್ಕಿಂತ ಆಳಕ್ಕೆ ತೋಡಬಾರದು. ದಂಡೆಯಿಂದ ಹೊಳೆಯ ಅಗಲದ ಕಾಲು ಭಾಗ, ಕನಿಷ್ಠಪಕ್ಷ ಏಳೂವರೆ ಮೀಟರ್, ಮುಟ್ಟದೆ ಬಿಡಬೇಕು. ಮಳೆಗಾಲದಲ್ಲಿ ತೆಗೆಯಬಾರದು. ಸೇತುವೆ, ಕುಡಿಯುವ ನೀರೆತ್ತುವ ಜಾಗಗಳ ಹತ್ತಿರ ಸುಳಿಯಬಾರದು. ಬಿಟ್ಟ ದೂರ ಮೇಲ್ಗಡೆ ೨೫೦ ಮೀಟರಿಗೂ ಕೆಳಗಡೆ ೫೦೦ ಮೀಟರಿಗೂ ಕಡಿಮೆಯಿರಕೂಡದು. ಸೇತುವೆ ದೊಡ್ಡದಾದರೆ ಇನ್ನೂ ಹೆಚ್ಚು. ಎಲ್ಲವೂ ಚೆನ್ನಾಗಿಯೇ ಇದೆ. ಇವುಗಳನ್ನು ಬರೆದವನಿಗೆ ಹೊಳೆ ಗೊತ್ತಿತ್ತು. ಅಳತೆಪಟ್ಟಿ ಹಿಡಿದು ಹೊಳೆಗೆ ಇಳಿಯುವವನು ಯಾರು ಎಂಬುದೇ ಪ್ರಶ್ನೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನಲ್ಲಿ ಫಲ್ಗುಣಿ ನದಿಯ ಮೂಲಾರಪಟ್ಣ ಸೇತುವೆ ೨೦೧೮ರ ಜೂನ್ ೨೫ರಂದು ಕುಸಿದು ಬಿತ್ತು. ಅಡಿಪಾಯದ ಸುತ್ತಲಿನ ಮರಳು ತೋಡಿದ್ದೇ ಕಾರಣವೆಂದು ಊರವರು ದೂರಿದರು. ಬಿದ್ದ ಸೇತುವೆಯ ಆಚೆ ದಡದವರು ಎಷ್ಟು ಮೈಲಿ ಸುತ್ತಿ ಬರಬೇಕಾಯಿತೆಂಬುದನ್ನು ಯಾವ ರಾಜಧನದ ಲೆಕ್ಕದಲ್ಲಿಯೂ ಬರೆದಿಡುವುದಿಲ್ಲ.

ಅಳತೆಪಟ್ಟಿ ಹಿಡಿದು ಇಳಿದವರ ಗತಿ ಏನಾಯಿತು? ೨೦೧೭ರ ಏಪ್ರಿಲ್‌ನಲ್ಲಿ ಉಡುಪಿಯ ಜಿಲ್ಲಾಧಿಕಾರಿ ಮತ್ತು ಕುಂದಾಪುರದ ಉಪವಿಭಾಗಾಧಿಕಾರಿ, ಇಬ್ಬರೂ ಮಹಿಳೆಯರು, ರಾತ್ರಿ ಕಂಡ್ಲೂರಿನ ಮರಳು ಅಡ್ಡೆಗೆ ಹೋದಾಗ ಅವರ ಮೇಲೆ ಹಲ್ಲೆ ನಡೆಯಿತು. ಜಿಲ್ಲಾಧಿಕಾರಿಗೆ ಪೊಲೀಸು ಇದೆ, ಪತ್ರಿಕೆಗಳಿವೆ, ಅವರು ಉಳಿದರು. ೨೦೧೮ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ಮರಳಿನ ಲಾರಿಯನ್ನು ತಡೆಯಹೋದ ಒಬ್ಬ ಗ್ರಾಮಲೆಕ್ಕಿಗರ ಮೇಲೆ ಆ ಲಾರಿಯೇ ಹರಿಯಿತು. ೨೦೨೩ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ನೆಲೋಗಿ ಠಾಣೆಯ ಮುಖ್ಯಪೇದೆಯೊಬ್ಬರು ಮರಳಿನ ಟ್ರಾಕ್ಟರಿನ ಕೆಳಗೆ ಪ್ರಾಣ ಬಿಟ್ಟರು. ಸತ್ತವರು ಸರ್ಕಾರದ ಏಣಿಯ ಕೆಳಗಿನ ಮೆಟ್ಟಿಲಿನವರು. ಇಂಥ ಮೊಕದ್ದಮೆಗಳಲ್ಲಿ ಮೊದಲು ಸಿಕ್ಕಿಬೀಳುವವನು ಚಾಲಕ, ಅವನೂ ದಿನಗೂಲಿಯವನು. ರಾಶಿಯ ಒಡೆಯ, ಬ್ಲಾಕಿನ ಒಡೆಯ, ಅವನ ಬೆನ್ನಿಗೆ ಕೈಯಿಟ್ಟ ದೊಡ್ಡ ಮನುಷ್ಯ, ಇವರ ಹೆಸರು ಪಂಚನಾಮೆಯಲ್ಲಿ ಕಾಣುವುದು ಅಪರೂಪ. ಬಡವನ ಮೇಲೆ ಬಡವನನ್ನು ಹರಿಸಿ ಧನಿಕ ದೂರದಲ್ಲಿ ಲೆಕ್ಕ ಬರೆಯುತ್ತಾನೆ.

ಇಲ್ಲಿ ಕಾನೂನಿನ ಒಂದು ಗಂಟನ್ನು ಬಿಡಿಸಿ ಹೇಳಬೇಕು, ದಯವಿಟ್ಟು ಗಮನವಿಡಿ. ಅಕ್ರಮ ಗಣಿಗಾರಿಕೆಗೆ ೨೧ನೆಯ ಕಲಮಿನಂತೆ ಶಿಕ್ಷೆ ಇದೆ. ಮೊದಲು ಎರಡು ವರ್ಷ ಸಜೆ, ೨೫,೦೦೦ ರೂಪಾಯಿ ದಂಡದವರೆಗೆ ಇತ್ತು. ೨೦೧೫ರ ತಿದ್ದುಪಡಿಯಿಂದ ಐದು ವರ್ಷದವರೆಗೆ ಸಜೆ, ಹೆಕ್ಟೇರಿಗೆ ೫ ಲಕ್ಷ ರೂಪಾಯಿಯವರೆಗೆ ದಂಡ ಎಂದಾಯಿತು. ಆದರೆ ಮುಂದಿನ ಪುಟದಲ್ಲಿಯೇ ೨೨ನೆಯ ಕಲಮು ಕುಳಿತಿದೆ. ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ಈ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು. ನೀವು ಕಣ್ಣಾರೆ ಕಂಡಿರಬಹುದು, ಊರೆಲ್ಲ ಕಂಡಿರಬಹುದು. ಅಧಿಕಾರಿ ಕಾಣದಿದ್ದರೆ ಯಾರೂ ಕಂಡಂತಾಗಲಿಲ್ಲ. ೨೩-ಎ ಕಲಮು ಇನ್ನೂ ಸೊಗಸಾಗಿದೆ. ದಂಡ ಕಟ್ಟಿಸಿಕೊಂಡು ರಾಜಿ ಮಾಡಿ ಬಿಟ್ಟುಬಿಡಬಹುದು. ಒಂದು ಲೋಡಿಗೆ ದಂಡ ಕಟ್ಟಿ ನಾಲ್ಕು ಲೋಡು ಸಾಗಿಸುವವನಿಗೆ ಅದು ದಂಡವಲ್ಲ, ವ್ಯಾಪಾರದ ಖರ್ಚು.

ಈ ಗಂಟನ್ನು ಸುಪ್ರೀಂ ಕೋರ್ಟು ಎರಡು ಬಾರಿ ಸಡಿಲಿಸಿದೆ. ೨೦೧೪ರ ಸೆಪ್ಟೆಂಬರ್ ೪ರ ತೀರ್ಪಿನಲ್ಲಿ, ಸರ್ಕಾರಿ ಸ್ವತ್ತಾದ ಹೊಳೆಯ ಮರಳನ್ನು ಕದ್ದರೆ ಅದು ಕಳವೇ, ಪೊಲೀಸರು ತಾವಾಗಿಯೇ ಕಳವಿನ ಮೊಕದ್ದಮೆ ಹೂಡಬಹುದು ಎಂದಿತು. ೨೦೨೦ರ ಡಿಸೆಂಬರ್ ೩ರಂದು ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಇನ್ನೂ ಸ್ಪಷ್ಟಪಡಿಸಿತು. ಗಣಿ ಕಾಯಿದೆಯಡಿ ದಂಡ ಕಟ್ಟಿ ರಾಜಿಯಾದವನ ಮೇಲಿನ ಕಳವಿನ ಮೊಕದ್ದಮೆ ಆ ರಾಜಿಯಿಂದ ಮುಗಿಯುವುದಿಲ್ಲ. ಮೊಕದ್ದಮೆ ದಾಖಲಿಸಿ ತನಿಖೆ ಮಾಡಿರೆಂದು ಮ್ಯಾಜಿಸ್ಟ್ರೇಟರು ಪೊಲೀಸರಿಗೆ ಆಜ್ಞೆ ಮಾಡಬಹುದು. ೨೦೨೪ರ ಜುಲೈ ೧ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳವು ಅದರಲ್ಲಿ ೩೦೩ನೆಯ ಕಲಮು. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಸ್ವತ್ತಿನ ಕಳವಿಗೆ ೩೦೫ನೆಯ ಕಲಮಿನಲ್ಲಿ ಏಳು ವರ್ಷದವರೆಗೆ ಸಜೆಯಿದೆ. ಇವೆರಡು ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಿ. 'ಇದು ಗಣಿ ಇಲಾಖೆಯ ಕೆಲಸ, ನಮಗೆ ಸಂಬಂಧವಿಲ್ಲ' ಎಂದು ಠಾಣೆಯಲ್ಲಿ ಹೇಳಿದಾಗ ಸುಮ್ಮನೆ ಹಿಂದಿರುಗಬೇಡಿ. ದೂರನ್ನು ಬರೆದು ಕೊಡಿ, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಅಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ. ಹಸಿರು ನ್ಯಾಯಮಂಡಳಿಗೆ ನೊಂದ ಯಾರಾದರೂ, ಜನರ ಸಂಘವಾದರೂ, ಅರ್ಜಿ ಹಾಕಬಹುದು. ನಮ್ಮ ಭಾಗದ ಪೀಠ ಚೆನ್ನೈಯಲ್ಲಿದೆ. ಕಾರಣ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ಹೊಳೆದಂಡೆಯ ರೈತನಿಗೆ ಚೆನ್ನೈ ಹತ್ತಿರವಲ್ಲ ಎಂಬುದನ್ನೂ ಬಲ್ಲೆವು.

ಇಲ್ಲಿ ಒಬ್ಬ ಹಿರಿಯರು ಎದ್ದು ಕೇಳಿದರು: 'ಮರಳು ನಿಲ್ಲಿಸಿದರೆ ಗಾರೆ ಕೆಲಸದವನು ಏನು ತಿನ್ನಬೇಕು? ಬಡವ ಆಶ್ರಯ ಮನೆ ಹೇಗೆ ಕಟ್ಟಬೇಕು?' ನ್ಯಾಯವಾದ ಪ್ರಶ್ನೆ. ಯಜಮಾನರೆ, ಮರಳನ್ನೇ ಮುಟ್ಟಬಾರದೆಂದು ನಾವು ಹೇಳುತ್ತಿಲ್ಲ. ಹೊಳೆ ತಂದುಕೊಟ್ಟಷ್ಟು ತೆಗೆಯೋಣ. ಹಸುವಿಗೆ ಕರುವಿದ್ದರೂ ಹಾಲು ಕರೆಯುತ್ತೇವೆ, ಕರುವಿಗೆ ಬಿಟ್ಟು ಕರೆಯುತ್ತೇವೆ. ಇನ್ನೊಂದು ಮಾತು ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಬಡವನಿಗೆ ಬೇಕಾದ ಮರಳಿಗೆ ಈ ಕಾನೂನಿನಲ್ಲಿ ತಡೆಯೇ ಇಲ್ಲ! ೨೦೧೬ರ ಅದೇ ಅಧಿಸೂಚನೆಯ ಕೊನೆಯಲ್ಲಿ, ಒಂಬತ್ತನೆಯ ಅನುಬಂಧದಲ್ಲಿ, ಪರಿಸರ ಅನುಮತಿ ಬೇಡದ ಕೆಲಸಗಳ ಪಟ್ಟಿಯಿದೆ. ಕುಂಬಾರ ಮಡಕೆಗಾಗಿ ಕೈಯಿಂದ ತೆಗೆಯುವ ಮಣ್ಣು, ಮರಳು. ನೆರೆ ಇಳಿದ ಮೇಲೆ ಹೊಲದಲ್ಲಿ ಕೂತ ಮರಳನ್ನು ರೈತ ತೆಗೆಯುವುದು. ಗ್ರಾಮ ಪಂಚಾಯಿತಿ ಎಲ್ಲೆಯೊಳಗಿನ ಮರಳನ್ನು ರೂಢಿಯಂತೆ ಸ್ವಂತಕ್ಕೆ ಅಥವಾ ಊರ ಕೆಲಸಕ್ಕೆ ತರುವುದು. ಇವೆಲ್ಲ ಅದರಲ್ಲಿವೆ. ಆದರೆ ನಾವು ಹಳ್ಳಿಹಳ್ಳಿಯಲ್ಲಿ ಕಾಣುವುದೇನು? ಹಗಲು ಹೊತ್ತು ಎತ್ತಿನ ಗಾಡಿ ಹಿಡಿಯುತ್ತಾರೆ. ರಾತ್ರಿ ಟಿಪ್ಪರಿಗೆ ದಾರಿ ಬಿಡುತ್ತಾರೆ. ಕಾನೂನು ಯಾರನ್ನು ಬಿಡು ಎಂದಿತೋ ಅವನನ್ನು ಹಿಡಿಯುವುದು, ಯಾರನ್ನು ಹಿಡಿ ಎಂದಿತೋ ಅವನನ್ನು ಬಿಡುವುದು. ಒಂದು ಹಿಟಾಚಿ ಯಂತ್ರ ಹೊಳೆಗಿಳಿದರೆ ಎಷ್ಟು ಸಲಿಕೆ-ಬುಟ್ಟಿಗಳ ಕೂಲಿ ಹೋಗುತ್ತದೆಂಬುದನ್ನೂ ಕೂಲಿಕಾರ ಬಂಧುಗಳು ಲೆಕ್ಕ ಹಾಕಲಿ. ಕೂಲಿಯ ಹೆಸರು ಹೇಳಿ ಯಂತ್ರವನ್ನು ರಕ್ಷಿಸುವ ವಾದಕ್ಕೆ ಮರುಳಾಗಬೇಡಿ.

ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂದಿದೆಯಲ್ಲ ಎನ್ನುವವರಿದ್ದಾರೆ. ಬರಲಿ. ಹೊಳೆಯ ಮೇಲಿನ ಭಾರ ಅಷ್ಟು ಇಳಿಯುತ್ತದೆ. ಆದರೆ ಅದಕ್ಕೆ ಗುಡ್ಡ ಒಡೆಯಬೇಕು. ಕ್ರಷರಿನ ಪಕ್ಕದ ಊರಿನವರನ್ನು ಕೇಳಿದರೆ ಧೂಳಿನ ಕಥೆ ಹೇಳುತ್ತಾರೆ. ಅದಕ್ಕಿಂತ ಕೆಟ್ಟದ್ದು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ನಡೆದ ಫಿಲ್ಟರ್ ಮರಳು: ಕೆರೆಯಂಗಳದ, ಹೊಲದ ಮಣ್ಣನ್ನೇ ತೊಳೆದು ಮರಳು ಮಾಡುವುದು. ಒಂದು ಕಡೆ ಅನ್ನ ಕೊಡುವ ಮೇಲ್ಮಣ್ಣು ಹೋಯಿತು, ಇನ್ನೊಂದು ಕಡೆ ತೊಳೆಯಲು ಕುಡಿಯುವ ನೀರೂ ಹೋಯಿತು.

ಹಾಗಾದರೆ ನಮ್ಮ ಬೇಡಿಕೆ ಏನು? ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಮರಳು ಸಮಿತಿ, ತಾಲ್ಲೂಕಿಗೆ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ. ಹೊಳೆಯ ದಂಡೆಯಲ್ಲಿ ವಾಸಿಸುವ ಗ್ರಾಮಸಭೆಗೆ ಇಲ್ಲಿ ಯಾವ ಅಧಿಕಾರವಿದೆ? ೧೯೯೬ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ಬುಡಕಟ್ಟು ಜನರ ಅನುಸೂಚಿತ ಪ್ರದೇಶಗಳಲ್ಲಿ ಉಪ ಖನಿಜದ ಗುತ್ತಿಗೆ ಕೊಡಬೇಕಾದರೆ ಗ್ರಾಮಸಭೆಯ ಅಥವಾ ಪಂಚಾಯಿತಿಯ ಶಿಫಾರಸು ಕಡ್ಡಾಯ ಎಂದು ಅದು ಹೇಳುತ್ತದೆ. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶ ಒಂದೂ ಇಲ್ಲ. ಆದುದರಿಂದ ಆ ಹಕ್ಕು ನಮ್ಮ ಯಾವ ಊರಿಗೂ ಇಲ್ಲ. ಉಪ ಖನಿಜದ ನಿಯಮ ಮಾಡುವ ಅಧಿಕಾರ ರಾಜ್ಯದ ಕೈಯಲ್ಲೇ ಇರುವಾಗ, ಈ ಹಕ್ಕನ್ನು ರಾಜ್ಯದ ಎಲ್ಲ ಹೊಳೆದಂಡೆಯ ಗ್ರಾಮಸಭೆಗಳಿಗೆ ಕೊಡಲು ದಿಲ್ಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ. ಕೇರಳ ೨೦೦೧ರಲ್ಲಿ ನದೀದಂಡೆ ರಕ್ಷಣೆಗೂ ಮರಳು ನಿಯಂತ್ರಣಕ್ಕೂ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಪ್ರತಿ ಕಡವಿಗೆ, ಅಂದರೆ ನಾವು ರೇವು ಎನ್ನುತ್ತೇವಲ್ಲ ಅದಕ್ಕೆ, ಪಂಚಾಯಿತಿಯವರಿರುವ ಸಮಿತಿ. ಮರಳಿನ ಲೆಕ್ಕ ತಪಾಸಣೆ. ನದಿಗೇ ಮೀಸಲಾದ ನಿಧಿ. ಅಲ್ಲಿಯೂ ಕಳವು ನಿಂತಿಲ್ಲವೆಂಬುದು ನಿಜ. ಪಂಚಾಯಿತಿಯವರೂ ಮನುಷ್ಯರೇ, ಟಿಪ್ಪರಿನ ಮಾಲಿಕ ಪಂಚಾಯಿತಿಯಲ್ಲಿಯೂ ಕೂರುತ್ತಾನೆ. ಆದುದರಿಂದಲೇ ನಾವು ಕೇಳುವುದು ಪಂಚಾಯಿತಿಯ ಕೊಠಡಿಯ ನಿರ್ಣಯವನ್ನಲ್ಲ, ಬಯಲಿನಲ್ಲಿ ಕೂತ ಗ್ರಾಮಸಭೆಯ ನಿರ್ಣಯವನ್ನು. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯವನ್ನು ಲೋಹಿಯಾ ಹೇಳಿದರು. ಮರಳಿನ ಮಟ್ಟಿಗೆ ಮೊದಲನೆಯ ಕಂಬವನ್ನು ಇನ್ನೂ ನೆಟ್ಟೇ ಇಲ್ಲ.

ಆ ಹಕ್ಕು ಬರುವವರೆಗೆ ಕೈಯಲ್ಲಿರುವುದನ್ನು ಬಳಸಬೇಕು. ೨೦೨೫ರ ಆಗಸ್ಟಿನಲ್ಲಿ ಜಮ್ಮು-ಕಾಶ್ಮೀರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿದೆ. ಪ್ರತಿ ಜಿಲ್ಲೆಗೂ ಮರಳಿನ ಸಮೀಕ್ಷಾ ವರದಿ ಇರಬೇಕಷ್ಟೆ? ತೆಗೆದ ಮರಳನ್ನು ಹೊಳೆ ಮತ್ತೆ ಎಷ್ಟು ತುಂಬಿಕೊಡುತ್ತದೆ ಎಂಬ ಅಧ್ಯಯನವಿಲ್ಲದ ವರದಿ ವರದಿಯೇ ಅಲ್ಲ, ಅದರ ಆಧಾರದ ಮೇಲೆ ಪರಿಸರ ಅನುಮತಿ ಕೊಡಕೂಡದು ಎಂದಿದೆ. ನಮ್ಮ ಹೊಳೆಗೆ ಇದರ ಅರ್ಥ ದೊಡ್ಡದು. ಭದ್ರೆಗೆ ಲಕ್ಕವಳ್ಳಿಯಲ್ಲಿ ಕಟ್ಟೆಯಿದೆ, ತುಂಗೆಗೆ ಗಾಜನೂರಿನಲ್ಲಿ ಕಟ್ಟೆಯಿದೆ. ಮಲೆನಾಡಿನಿಂದ ಬರುವ ಮರಳು ಅಲ್ಲಿ ತಡೆಯುತ್ತದೆ. ಕೂಡಲಿಯಲ್ಲಿ ಎರಡೂ ಸೇರಿ ಹೊನ್ನಾಳಿ, ಹರಿಹರಕ್ಕೆ ಇಳಿಯುವಾಗ ಹೊಳೆಯ ಕೈಯಲ್ಲಿ ಹಿಂದಿನಷ್ಟು ಮರಳಿಲ್ಲ. ಅಜ್ಜನ ಕಾಲದಲ್ಲಿ ಒಂದು ಮಳೆಗಾಲಕ್ಕೆ ತುಂಬುತ್ತಿದ್ದ ಗುಂಡಿ ಈಗ ಒಂದು ಮಳೆಗಾಲಕ್ಕೆ ತುಂಬೀತೆಂಬ ಭರವಸೆ ಎಲ್ಲಿದೆ?

ವರದಿಯ ಕರಡನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿಯೂ ಜಿಲ್ಲೆಯ ಜಾಲತಾಣದಲ್ಲಿಯೂ ೨೧ ದಿನ ಸಾರ್ವಜನಿಕರ ಮುಂದಿಡಬೇಕೆಂದು ನಿಯಮವಿದೆ. ಯಾರಾದರೂ ಆಕ್ಷೇಪಣೆ ಬರೆದು ಕೊಡಬಹುದು. ಇಷ್ಟು ಮಂದಿಯಲ್ಲಿ ಆ ಕರಡನ್ನು ನೋಡಿದವರು ಕೈಯೆತ್ತಿ ಎಂದರೆ ಎಷ್ಟು ಕೈ ಏಳುತ್ತವೆ? ನಾಳೆಯಿಂದ ಈ ಕೆಲಸ ಶುರುವಾಗಲಿ. ಪಟ್ಟಣದಲ್ಲಿ ಓದುವ ಹುಡುಗರು ವರದಿ ಇಳಿಸಿ ಮುದ್ರಿಸಿ ತರಲಿ. ಇಂಗ್ಲಿಷಿನಲ್ಲಿದ್ದರೆ ನಾವು ಕೂತು ಕನ್ನಡ ಮಾಡಿ ಕೊಡುತ್ತೇವೆ. ನಿಮ್ಮ ಊರಿನ ಸರ್ವೆ ನಂಬರು ಅದರಲ್ಲಿ ಇದೆಯೇ, ಜಾಕ್‌ವೆಲ್ಲು ಎಷ್ಟು ದೂರ ಬರೆದಿದ್ದಾರೆ, ಸೇತುವೆ ಎಷ್ಟು ದೂರ ಬರೆದಿದ್ದಾರೆ ಎಂದು ಹಗ್ಗ ಹಿಡಿದು ಅಳೆದು ನೋಡಿ. ತಪ್ಪು ಕಂಡಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಊರವರ ರುಜು, ಹೆಬ್ಬೆಟ್ಟು ಹಾಕಿಸಿ, ಮುಂದಿನ ತಿಂಗಳ ಸಭೆಗೆ ತನ್ನಿ.